ನರ್ಸ್‌ಗಳ ಕೈಗೆ ಕುಂಚ ಬಂದ ಕಥೆ



ನಮ್ಮ ಗಡಿನಾಡಿನ ಧರ್ಮಕೇಂದ್ರಗಳಲ್ಲಿ ನರ್ಸಿಂಗ್ ಕಲಿತ ಮಗಳೋ ಸೊಸೆಯೋ ಇಲ್ಲದ ವಾಳೆ ಸಿಗುವುದು ಕಷ್ಟ. ಒಬ್ಬರು ಮಂಗಳೂರಿನಲ್ಲಿ, ಇನ್ನೊಬ್ಬರು ಬೆಂಗಳೂರಿನಲ್ಲಿ, ಮತ್ತೊಬ್ಬರು ಗಲ್ಫ್‌ನಲ್ಲಿ. ಪ್ರತಿವರ್ಷ ಮೇ 12ರಂದು ನಾವು ಅವರನ್ನು ನೆನೆಯುತ್ತೇವೆ. ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸುತ್ತೇವೆ, ರಜೆಯಲ್ಲಿ ಊರಿಗೆ ಬಂದವರಿಗೆ ಶಾಲು ಹೊದಿಸುತ್ತೇವೆ, ಬಿಳಿಯುಡುಪಿನ ದೇವತೆಗಳು ಎಂದು ಹೊಗಳುತ್ತೇವೆ. ಇದೆಲ್ಲ ಒಳ್ಳೆಯದೇ. ಆದರೆ ಒಂದು ಪ್ರಶ್ನೆಯನ್ನು ನಾವು ಕೇಳುವುದೇ ಇಲ್ಲ. ರಾತ್ರಿ ಮೂರು ಗಂಟೆಗೆ ಒಬ್ಬ ರೋಗಿ ಕಣ್ಣೆದುರೇ ತೀರಿಕೊಂಡರೆ, ಕಾಲು ಗಂಟೆಯೊಳಗೆ ಪಕ್ಕದ ಹಾಸಿಗೆಯವರಿಗೆ ಇಂಜೆಕ್ಷನ್ ಕೊಡಬೇಕಾದ ಆ ನರ್ಸ್ ತನ್ನ ದುಃಖವನ್ನು ಎಲ್ಲಿ ಇಡುತ್ತಾಳೆ?

ಈಚಿನ ವರ್ಷಗಳಲ್ಲಿ ಕೆಲವು ದೇಶಗಳ ಆಸ್ಪತ್ರೆಗಳು ಈ ಪ್ರಶ್ನೆಗೆ ವಿಚಿತ್ರವೆನಿಸುವ ಒಂದು ಉತ್ತರ ಹುಡುಕಿವೆ. ನರ್ಸ್‌ಗಳನ್ನು ಒಂದು ಕೋಣೆಯಲ್ಲಿ ಕೂರಿಸಿ ಬಣ್ಣ, ಕಾಗದ, ಜೇಡಿಮಣ್ಣು ಕೊಡುವುದು. ಇದಕ್ಕೆ ಕಲಾ ಚಿಕಿತ್ಸೆ ಎಂದು ಹೆಸರು. ಕೇಳಿದರೆ ಹೊಸ ಫ್ಯಾಷನ್ ಅನ್ನಿಸಬಹುದು. ಆದರೆ ಆಸ್ಪತ್ರೆಗೂ ಕಲೆಗೂ ಇರುವ ನಂಟು ಬಹಳ ಹಳೆಯದು, ಅದರ ಮೊದಲ ಅಧ್ಯಾಯಗಳಲ್ಲಿ ಧರ್ಮಸಭೆಯ ಪಾಲೂ ಇದೆ. ಆ ಇತಿಹಾಸವನ್ನು ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ: ಕಲೆ ರೋಗಿಯ ಹಾಸಿಗೆಯ ತನಕ ಬೇಗ ಬಂತು. ಹಾಸಿಗೆಯ ಪಕ್ಕ ನಿಂತವಳ ತನಕ ಬರಲು ನೂರಾರು ವರ್ಷ ತೆಗೆದುಕೊಂಡಿತು.

ಬಲಿಪೀಠದ ಚಿತ್ರಗಳು

ಮಧ್ಯಯುಗದ ಯುರೋಪಿನಲ್ಲಿ ಆಸ್ಪತ್ರೆಗಳನ್ನು ಹೆಚ್ಚಾಗಿ ನಡೆಸುತ್ತಿದ್ದವರು ಸನ್ಯಾಸಿಗಳು ಮತ್ತು ಧರ್ಮಭಗಿನಿಯರು. ನರ್ಸ್‌ಗಳನ್ನು ನಾವು ಇಂದಿಗೂ 'ಸಿಸ್ಟರ್' ಎಂದು ಕರೆಯುವುದರ ಬೇರು ಅಲ್ಲಿದೆ. ಆಗಿನ ವೈದ್ಯರ ಬಳಿ ಔಷಧ ಕಡಿಮೆ. ನೋವಿಗೆ ಕೊಡಬಹುದಾದದ್ದು ಆರೈಕೆ, ಊಟ, ಪ್ರಾರ್ಥನೆ ಮತ್ತು ಕಣ್ಣಿಗೆ ಒಂದು ಚಿತ್ರ.

ಇವುಗಳಲ್ಲಿ ಪ್ರಸಿದ್ಧವಾದದ್ದು ಇಸೆನ್‌ಹೈಮ್ ಬಲಿಪೀಠದ ಚಿತ್ರಗಳು. ಸುಮಾರು 1512ರಿಂದ 1516ರ ನಡುವೆ ಮಥಿಯಾಸ್ ಗ್ರುನೆವಾಲ್ಡ್ ಎಂಬ ಜರ್ಮನ್ ಕಲಾವಿದ ಇವನ್ನು ಬರೆದ. ಸಂತ ಅಂತೋಣಿಯ ಸಭೆಗೆ ಸೇರಿದ ಆ ಮಠದ ಸಹೋದರರು 'ಸಂತ ಅಂತೋಣಿಯ ಬೆಂಕಿ' ಎಂಬ ಭಯಂಕರ ರೋಗದವರನ್ನು ನೋಡಿಕೊಳ್ಳುತ್ತಿದ್ದರು. ರೈ ಧಾನ್ಯಕ್ಕೆ ತಗಲುವ ಒಂದು ಶಿಲೀಂಧ್ರದ ವಿಷದಿಂದ ಬರುತ್ತಿದ್ದ ರೋಗ ಅದು. ಮೈ ಉರಿಯುತ್ತಿತ್ತು, ಕೈಕಾಲು ಕೊಳೆಯುತ್ತಿತ್ತು. ಗ್ರುನೆವಾಲ್ಡ್ ಶಿಲುಬೆಯ ಮೇಲಿನ ಯೇಸುವನ್ನು ಸುಂದರವಾಗಿ ಬರೆಯಲಿಲ್ಲ. ಮೈತುಂಬ ಹುಣ್ಣು, ಸೊಟ್ಟಗಾದ ಬೆರಳು. ಅಲ್ಲಿಗೆ ಬಂದ ರೋಗಿ ಆ ದೇಹದಲ್ಲಿ ತನ್ನದೇ ದೇಹವನ್ನು ನೋಡಬಹುದಿತ್ತು. ಈ ಚಿತ್ರಗಳು ಈಗ ಫ್ರಾನ್ಸಿನ ಕೋಲ್ಮಾರ್ ನಗರದ ವಸ್ತುಸಂಗ್ರಹಾಲಯದಲ್ಲಿವೆ.

ಲಂಡನ್ನಿನ ಸಂತ ಬಾರ್ಥೊಲೊಮಿಯ ಆಸ್ಪತ್ರೆಯ ಕಥೆ ಇನ್ನೊಂದು ಬಗೆಯದು. ಜನ ಅದನ್ನು 'ಬಾರ್ಟ್ಸ್' ಎಂದೇ ಕರೆಯುತ್ತಾರೆ. ರಾಹಿಯರ್ ಎಂಬಾತ 1123ರಲ್ಲಿ ಮಠದ ಜೊತೆಗೇ ಕಟ್ಟಿಸಿದ ಆಸ್ಪತ್ರೆ ಅದು. ಆರುನೂರು ವರ್ಷಗಳ ನಂತರ, 1730ರ ದಶಕದಲ್ಲಿ, ಅದರ ಹತ್ತಿರದಲ್ಲೇ ಹುಟ್ಟಿದ್ದ ಕಲಾವಿದ ವಿಲಿಯಂ ಹೊಗಾರ್ತ್ ಆಸ್ಪತ್ರೆಯ ಮೆಟ್ಟಿಲಿನ ಗೋಡೆಗೆ ಎರಡು ದೊಡ್ಡ ಚಿತ್ರಗಳನ್ನು ಹಣ ತೆಗೆದುಕೊಳ್ಳದೆ ಬರೆದುಕೊಟ್ಟ. ಒಂದು ಬೆಥೆಸ್ದ ಕೊಳದ ಬಳಿಯ ಗುಣಪಡಿಸುವಿಕೆ, ಇನ್ನೊಂದು ದಯಾಳು ಸಮಾರಿತ. ಈ ಎರಡನೆಯ ಚಿತ್ರವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಆ ಸಾಮತಿಯ ಕಡೆಗೆ ಮತ್ತೆ ಬರೋಣ.

ಇವೆಲ್ಲ ರೋಗಿಯ ಕಣ್ಣಿಗಾಗಿ ಅಥವಾ ಆಸ್ಪತ್ರೆಯ ಗೌರವಕ್ಕಾಗಿ ಬಂದ ಚಿತ್ರಗಳು. ಆರೈಕೆ ಮಾಡಿದವರ ಮುಖ ಕಾಣುವ ಒಂದು ಚಿತ್ರ ಬೆಲ್ಜಿಯಂನ ಬ್ರೂಜ್ ನಗರದಲ್ಲಿದೆ. ಅಲ್ಲಿನ ಸಂತ ಯೊವಾನ್ನರ ಆಸ್ಪತ್ರೆಗಾಗಿ ಹಾನ್ಸ್ ಮೆಮ್ಲಿಂಗ್ 1479ರಲ್ಲಿ ಬಲಿಪೀಠದ ಚಿತ್ರವೊಂದನ್ನು ಮುಗಿಸಿಕೊಟ್ಟ. ಅದಕ್ಕೆ ಬಾಗಿಲಿನಂತೆ ಮಡಚುವ ರೆಕ್ಕೆಗಳಿವೆ. ಅವನ್ನು ಮುಚ್ಚಿದಾಗ ಹೊರಮೈಯಲ್ಲಿ ಮಂಡಿಯೂರಿದ ನಾಲ್ವರು ಕಾಣುತ್ತಾರೆ: ಆಸ್ಪತ್ರೆಯ ಇಬ್ಬರು ಸಹೋದರರು, ಇಬ್ಬರು ಸಹೋದರಿಯರು. ಆಗ್ನೆಸ್ ಕಾಸೆಂಬ್ರೋಟ್ ಮತ್ತು ಕ್ಲಾರಾ ವಾನ್ ಹುಲ್ಸೆನ್ ಎಂಬ ಆ ಸಹೋದರಿಯರ ಹಿಂದೆ ಅವರವರ ಪಾಲಕ ಸಂತರಾದ ಆಗ್ನೆಸಮ್ಮ, ಕ್ಲಾರಮ್ಮ ನಿಂತಿದ್ದಾರೆ. ರೋಗಿಗಳ ನಡುವೆ ದುಡಿದ ಹೆಂಗಸರ ಹೆಸರು, ಮುಖ ಎರಡೂ ಐನೂರು ವರ್ಷ ಉಳಿದಿರುವುದು ಅಪರೂಪ. ಆದರೆ ಇಲ್ಲಿಯೂ ಅವರು ಪ್ರಾರ್ಥನೆಯ ಭಂಗಿಯಲ್ಲಿದ್ದಾರೆ. ಅವರಿಗೆ ಎಷ್ಟು ದಣಿವಾಗಿತ್ತು ಎಂದು ಚಿತ್ರ ಹೇಳುವುದಿಲ್ಲ.

ನೈಟಿಂಗೇಲ್ ಕಂಡ ಬಣ್ಣಗಳು

ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12ರಂದು. ನರ್ಸ್ ದಿನವನ್ನು ಆ ದಿನವೇ ಆಚರಿಸುವುದು ಅದಕ್ಕಾಗಿ. 1859ರ ಕೊನೆಗೆ ಹೊರಬಂದ ಅವರ ನರ್ಸಿಂಗ್ ಟಿಪ್ಪಣಿಗಳ ಪುಸ್ತಕದಲ್ಲಿ ವೈವಿಧ್ಯದ ಬಗ್ಗೆಯೇ ಒಂದು ಅಧ್ಯಾಯವಿದೆ. ತಿಂಗಳುಗಟ್ಟಲೆ ಅದೇ ಗೋಡೆ, ಅದೇ ಸೂರು ನೋಡುವ ರೋಗಿಯ ಸಂಕಟವನ್ನು ಗಟ್ಟಿಮುಟ್ಟಾದವರು ಊಹಿಸಲಾರರು ಎಂದು ಅವರು ವಾದಿಸುತ್ತಾರೆ. ಬಣ್ಣ ಮತ್ತು ಆಕಾರ ಮನಸ್ಸಿನ ಮೇಲಷ್ಟೇ ಅಲ್ಲ, ದೇಹದ ಮೇಲೂ ಪರಿಣಾಮ ಬೀರುತ್ತವೆ ಎಂಬುದು ಅವರ ಅನುಭವ. ತಾವು ಜ್ವರದಲ್ಲಿ ಮಲಗಿದ್ದಾಗ ಯಾರೋ ಕಳಿಸಿದ ಕಾಡುಹೂಗಳ ಗೊಂಚಲು ಬಂದ ಕ್ಷಣದಿಂದ ಚೇತರಿಕೆ ಚುರುಕಾಯಿತೆಂದೂ ಬರೆಯುತ್ತಾರೆ.

ಅವರ ಜೀವನದ ಇನ್ನೊಂದು ಮುಖ ನಮ್ಮ ಪಾಠಪುಸ್ತಕಗಳಲ್ಲಿ ಬರುವುದಿಲ್ಲ. ಕ್ರಿಮಿಯಾ ಯುದ್ಧದಿಂದ 1856ರಲ್ಲಿ ಮರಳಿದ ಮೇಲೆ ಅವರು ಅನೇಕ ವರ್ಷ ಹಾಸಿಗೆ, ಸೋಫಾಗಳಲ್ಲೇ ಕಳೆದರು. ದೀಪ ಹಿಡಿದು ವಾರ್ಡ್ ಸುತ್ತಿದ ಮಹಿಳೆ ತಾನೇ ರೋಗಿಯಾಗಿದ್ದರು. ಆ ಸ್ಥಿತಿಯಲ್ಲೇ 1858ರಲ್ಲಿ ಬಣ್ಣಬಣ್ಣದ ಒಂದು ರೇಖಾಚಿತ್ರ ಪ್ರಕಟಿಸಿದರು. ಹೂವಿನ ದಳಗಳಂತೆ ಕಾಣುವ ಆ ಚಿತ್ರ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರೆಂದು ತೋರಿಸಿತು. ಅಂಕಿಅಂಶಗಳ ಪಟ್ಟಿಯನ್ನು ಅಧಿಕಾರಿಗಳು ಓದಲಾರರು, ಚಿತ್ರವನ್ನು ನೋಡದೆ ಇರಲಾರರು ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಚಿತ್ರ ಸಮಾಧಾನಕ್ಕೂ ಬೇಕು, ಸತ್ಯ ಹೇಳುವುದಕ್ಕೂ ಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು.

ಆದರೆ ಅವರ ಕಾಲದ ನರ್ಸಿಂಗ್ ತರಬೇತಿ ಶಿಸ್ತು, ಶುಚಿತ್ವ, ವಿಧೇಯತೆಗಳ ಮೇಲೆ ನಿಂತಿತು. ನರ್ಸ್ ಅಳಬಾರದು, ಬಳಲಬಾರದು ಎಂಬ ನಿರೀಕ್ಷೆ ಸಮವಸ್ತ್ರದ ಜೊತೆಗೇ ಬಂತು.

ಹಾಸಿಗೆಯಲ್ಲಿ ಹುಟ್ಟಿದ ಹೆಸರು

'ಕಲಾ ಚಿಕಿತ್ಸೆ' ಎಂಬ ಮಾತನ್ನು ಇಂಗ್ಲಿಷಿನಲ್ಲಿ ಚಲಾವಣೆಗೆ ತಂದದ್ದು ವೈದ್ಯನಲ್ಲ, ಒಬ್ಬ ರೋಗಿ. ಏಡ್ರಿಯನ್ ಹಿಲ್ ಮೊದಲನೆಯ ಮಹಾಯುದ್ಧದಲ್ಲಿ ಸೈನಿಕನಾಗಿ ಹೋಗಿ, ಕಂದಕಗಳನ್ನೂ ಕುಸಿದ ಊರುಗಳನ್ನೂ ಚಿತ್ರಿಸಿದ ಕಲಾವಿದ. 1938ರಲ್ಲಿ ಅವನಿಗೆ ಕ್ಷಯರೋಗ ಬಂತು. ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಮಿಡ್‌ಹರ್ಸ್ಟ್ ಸ್ಯಾನಟೋರಿಯಂಗೆ ಸೇರಿಸಿದರು. ಟಿಬಿಗೆ ಔಷಧ ಇಲ್ಲದ ಕಾಲ. ಮಲಗಿರುವುದೇ ಚಿಕಿತ್ಸೆ.

ಹಿಲ್ ಹಾಸಿಗೆಯಲ್ಲೇ ಕೂತು ಕಣ್ಣಿಗೆ ಬಿದ್ದದ್ದನ್ನು ಬಿಡಿಸತೊಡಗಿದ. ಹಾಗೆ ಬಿಡಿಸುವಾಗ ಭಯ ಹಿಂದೆ ಸರಿಯುತ್ತಿತ್ತು. ಬಳಿಕ ಇತರ ರೋಗಿಗಳಿಗೂ, ಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರಿಗೂ ಕಲಿಸಿದ. ಅವರಲ್ಲಿ ಕೆಲವರು ಚಂದದ ಹೂಕುಂಡ ಬಿಡಿಸದೆ ತಾವು ಕಂಡ ಭೀಕರ ದೃಶ್ಯಗಳನ್ನೇ ಕಾಗದಕ್ಕಿಳಿಸಿದರು. ಬಾಯಲ್ಲಿ ಹೇಳಲಾಗದ್ದು ಕೈಯಿಂದ ಹೊರಬರುತ್ತಿತ್ತು. 1942ರಲ್ಲಿ ಹಿಲ್ ಇದಕ್ಕೆ ಕಲಾ ಚಿಕಿತ್ಸೆ ಎಂಬ ಹೆಸರು ಬಳಸಿದ, 1945ರಲ್ಲಿ ಈ ಅನುಭವದ ಮೇಲೆ ಪುಸ್ತಕ ಬರೆದ.

ಅವನ ಜೊತೆ ಕೆಲಸ ಮಾಡಿದ ಎಡ್ವರ್ಡ್ ಆಡಂಸನ್ 1946ರಲ್ಲಿ ನೆದರ್ನ್ ಎಂಬ ಮಾನಸಿಕ ಆಸ್ಪತ್ರೆಯಲ್ಲಿ ರೋಗಿಗಳಿಗಾಗಿ ಚಿತ್ರಶಾಲೆ ನಡೆಸತೊಡಗಿದ. 1964ರಲ್ಲಿ ಬ್ರಿಟನ್ನಿನ ಕಲಾ ಚಿಕಿತ್ಸಕರು ತಮ್ಮದೇ ಸಂಘ ಕಟ್ಟಿಕೊಂಡರು. ಹೀಗೆ ಅದೊಂದು ಕಲಿತು ಮಾಡುವ ವೃತ್ತಿಯಾಯಿತು. ಆದರೆ ಚಿತ್ರ ಬಿಡಿಸುತ್ತಿದ್ದವರು ಆಗಲೂ ರೋಗಿಗಳೇ. ಬಣ್ಣದ ತಟ್ಟೆಯನ್ನು ತಂದುಕೊಟ್ಟ ನರ್ಸ್‌ಗೆ 'ನೀನೂ ಕೂತುಕೋ' ಎನ್ನುವ ಏರ್ಪಾಡು ಇನ್ನೂ ಬಂದಿರಲಿಲ್ಲ.

'ಹತ್ತನೇ ಹಾಸಿಗೆಯ ಲಿವರ್'

ನರ್ಸ್ ಒಳಗೊಳಗೆ ಏನು ಹೊರುತ್ತಾಳೆ ಎಂದು ಗಂಭೀರವಾಗಿ ಕೇಳಿದವರಲ್ಲಿ ಮೊದಲಿಗರು ಇಸಬೆಲ್ ಮೆಂಜೀಸ್. ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಈ ಮನೋವಿಶ್ಲೇಷಕಿಯನ್ನು ನಗರದ ಒಂದು ದೊಡ್ಡ ಬೋಧನಾ ಆಸ್ಪತ್ರೆ ಕರೆಸಿತ್ತು. ಅಲ್ಲಿ ನರ್ಸಿಂಗ್ ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರನೇ ಒಂದು ಭಾಗ ತರಬೇತಿ ಮುಗಿಸದೆ ಹೊರಟುಹೋಗುತ್ತಿದ್ದರು. 1960ರ ಹೊತ್ತಿಗೆ ಪ್ರಕಟವಾದ ಅವರ ಅಧ್ಯಯನ ಇಂದಿಗೂ ಓದುವಂಥದ್ದು.

ಮೆಂಜೀಸ್ ಕಂಡದ್ದು ಇದು. ಸಾವು, ಮಲಮೂತ್ರ, ಮನೆಯವರ ಕಣ್ಣೀರು ಇವುಗಳ ಎದುರು ಯಾವ ಮನಸ್ಸಿಗೂ ಭಯವಾಗುತ್ತದೆ. ಆ ಭಯವನ್ನು ಮಾತಾಡಿ ಹಗುರ ಮಾಡುವ ಬದಲು ಆಸ್ಪತ್ರೆ ಅದನ್ನು ಮುಚ್ಚುವ ಪದ್ಧತಿ ಕಟ್ಟಿಕೊಂಡಿತ್ತು. ಒಬ್ಬಳೇ ನರ್ಸ್ ಒಬ್ಬ ರೋಗಿಯನ್ನು ಪೂರ್ತಿ ನೋಡಿಕೊಳ್ಳುವಂತಿಲ್ಲ. ಕೆಲಸವನ್ನು ತುಂಡು ಮಾಡಿ ಹಂಚಿ, ಒಬ್ಬಳು ಅದೇ ಒಂದು ಕೆಲಸವನ್ನು ಇಡೀ ವಾರ್ಡಿಗೆ ಮಾಡಬೇಕು. ರೋಗಿಗೆ ಹೆಸರಿಲ್ಲ, 'ಹತ್ತನೇ ಹಾಸಿಗೆಯ ಲಿವರ್' ಅಷ್ಟೇ. ನರ್ಸ್‌ಗೂ ಹೆಸರಿಲ್ಲ, ಸಮವಸ್ತ್ರ ಅಷ್ಟೇ. ಯಾರ ಜೊತೆಗೂ ಹತ್ತಿರವಾಗದಿದ್ದರೆ ನೋವಾಗುವುದಿಲ್ಲ ಎಂಬ ಎಣಿಕೆ. ಆದರೆ ಫಲ ತಿರುಗುಮುರುಗು. ಜನರನ್ನು ನೋಡಿಕೊಳ್ಳಬೇಕೆಂಬ ಆಸೆಯಿಂದ ಬಂದ ಹುಡುಗಿಯರಿಗೆ ಆ ತೃಪ್ತಿಯೇ ಸಿಗಲಿಲ್ಲ.

ಮುಂದೆ ಈ ಬಳಲಿಕೆಗೆ ಹೆಸರುಗಳು ಬಂದವು. 1974ರಲ್ಲಿ ಅಮೆರಿಕದ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 'ಬರ್ನ್‌ಔಟ್' ಬಗ್ಗೆ ಬರೆದರು, ಅಂದರೆ ಉರಿದು ಬರಿದಾಗುವುದು. 1981ರಲ್ಲಿ ಕ್ರಿಸ್ಟೀನಾ ಮಾಸ್ಲಾಕ್ ಮತ್ತು ಸಂಗಡಿಗರು ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದರು. ಮನಸ್ಸು ಬರಿದಾಗುವುದು, ಎದುರಿನವರನ್ನು ವಸ್ತುವಿನಂತೆ ಕಾಣತೊಡಗುವುದು, ನಾನು ಮಾಡಿದ್ದಕ್ಕೆ ಬೆಲೆಯಿಲ್ಲ ಅನ್ನಿಸುವುದು ಇವು ಅದರ ಮೂರು ಗುರುತು. 1992ರಲ್ಲಿ ನರ್ಸ್‌ಗಳ ಬಗ್ಗೆಯೇ ಬರೆಯುತ್ತಾ ಕಾರ್ಲಾ ಜೋಯಿನ್ಸನ್ 'ಕರುಣೆಯ ದಣಿವು' ಎಂಬ ಮಾತು ಬಳಸಿದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಬರ್ನ್‌ಔಟನ್ನು ಕೆಲಸದ ಸ್ಥಳದಿಂದ ಹುಟ್ಟುವ ಸ್ಥಿತಿಯೆಂದು ತನ್ನ ವರ್ಗೀಕರಣದಲ್ಲಿ ವಿವರಿಸಿತು. ಇದರಲ್ಲಿ ಒಂದು ಮುಖ್ಯ ಮಾತಿದೆ. ಬಳಲಿದ ನರ್ಸ್ ಎಂದರೆ ಭಕ್ತಿ ಕಡಿಮೆಯಾದವಳಲ್ಲ, ಮನಸ್ಸು ದುರ್ಬಲವಾದವಳೂ ಅಲ್ಲ.

ಕೊನೆಗೂ ಅವಳ ಕೈಗೆ

ಕಲೆ ಆರೈಕೆ ಮಾಡುವವರ ಕಡೆಗೆ ತಿರುಗಿದ್ದು ಹೆಚ್ಚಾಗಿ ಈ ಶತಮಾನದಲ್ಲಿ. ಲಂಡನ್ನಿನಲ್ಲಿ ಕ್ಯಾನ್ಸರ್ ರೋಗಿಗಳನ್ನೂ ಕೊನೆಯ ದಿನಗಳಲ್ಲಿರುವವರನ್ನೂ ನೋಡಿಕೊಳ್ಳುವ ವೈದ್ಯರಿಗಾಗಿ ಕಲಾ ಚಿಕಿತ್ಸೆಯ ಗುಂಪು ನಡೆಸಿದ ಅನುಭವ 2019ರಲ್ಲಿ ಪ್ರಕಟವಾಯಿತು. ಅದು ನಡೆದದ್ದು ಹೊಗಾರ್ತನ ಚಿತ್ರಗಳಿರುವ ಅದೇ ಬಾರ್ಟ್ಸ್ ಆಸ್ಪತ್ರೆ ಸೇರಿರುವ ಸಮೂಹದಲ್ಲಿ.

ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮಾಸ್ ಎಂಬ ಐಸಿಯು ವೈದ್ಯರೂ ಮೆರೆಡಿತ್ ಮೀಲರ್ ಎಂಬ ಸಂಶೋಧಕಿಯೂ ಬಹಳ ವರ್ಷಗಳಿಂದ ಐಸಿಯು ನರ್ಸ್‌ಗಳನ್ನು ಅಧ್ಯಯನ ಮಾಡಿದ್ದರು. ಯುದ್ಧದಿಂದ ಮರಳಿದ ಸೈನಿಕರನ್ನು ಕಾಡುವಂಥ ಆಘಾತದ ಲಕ್ಷಣಗಳು ಈ ನರ್ಸ್‌ಗಳಲ್ಲೂ ಇವೆ ಎಂದು 2007ರಲ್ಲೇ ವರದಿ ಮಾಡಿದ್ದರು. ಕೋವಿಡ್ ಬಂದ 2020ರಲ್ಲಿ ಅಲ್ಲಿ ಕಲೆಯ ಮೂಲಕ ಚೇತರಿಕೆಯ ಪ್ರಯೋಗ ಶುರುವಾಯಿತು. ನರ್ಸ್‌ಗಳೂ ಸೇರಿದಂತೆ ಆಸ್ಪತ್ರೆಯ ಸಿಬ್ಬಂದಿ ವಾರಕ್ಕೊಮ್ಮೆಯಂತೆ 12 ವಾರ ಸೇರಿದರು. ಕೆಲವರಿಗೆ ಚಿತ್ರ, ಕೆಲವರಿಗೆ ಸಂಗೀತ, ಕೆಲವರಿಗೆ ನೃತ್ಯ, ಕೆಲವರಿಗೆ ಬರವಣಿಗೆ. ಚೀಟಿ ಎತ್ತಿದಂತೆ ಆರಿಸಿ, ಕಲೆಯ ಗುಂಪಿಗೆ ಸೇರದವರ ಜೊತೆ ಹೋಲಿಸಿ ನೋಡಿದರು. 2022ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಆತಂಕ ಮತ್ತು ಖಿನ್ನತೆ ಗಣನೀಯವಾಗಿ ಇಳಿದಿದ್ದವು. ಕೆಲಸದ ಬಳಲಿಕೆಯೂ ಇಳಿದಿತ್ತು, ಆದರೆ ಅಷ್ಟಾಗಿ ಅಲ್ಲ.

ಇಂಥ ಗುಂಪಿನಲ್ಲಿ ನಡೆಯುವುದೇನು? ಚಿತ್ರಕಲೆಯ ಪಾಠವಲ್ಲ, ಸ್ಪರ್ಧೆಯೂ ಅಲ್ಲ. ತರಬೇತಿ ಪಡೆದ ಚಿಕಿತ್ಸಕರೊಬ್ಬರು ಇರುತ್ತಾರೆ. ಹೊರಗಿನವರಿಗೆ ಪ್ರವೇಶವಿಲ್ಲ, ಮೇಲಧಿಕಾರಿಗಳು ಇಣುಕುವಂತಿಲ್ಲ. 'ಈ ವಾರದ ಭಾರಕ್ಕೆ ಯಾವ ಬಣ್ಣ?' ಎಂಬಂಥ ಸರಳ ಪ್ರಶ್ನೆಯಿಂದ ಆರಂಭ. ಮಣ್ಣು ಮಿದಿಯುತ್ತಾ, ಕಾಗದ ಹರಿದು ಅಂಟಿಸುತ್ತಾ ಕೈ ಕೆಲಸ ಮಾಡುತ್ತದೆ, ತಲೆಗೆ ಬಿಡುವು ಸಿಗುತ್ತದೆ. ಮುಗಿದ ಮೇಲೆ ಬೇಕಾದವರು ಮಾತಾಡಬಹುದು, ಬೇಡವಾದವರು ಸುಮ್ಮನಿರಬಹುದು. ಒಬ್ಬಳ ಕಪ್ಪು ಬಣ್ಣದ ಕಾಗದ ನೋಡಿ ಪಕ್ಕದವಳು 'ನನಗೂ ಹೀಗೇ ಆಗಿತ್ತು' ಎಂದರೆ ಅಲ್ಲಿ ಅರ್ಧ ಕೆಲಸ ಆದಂತೆ.

'ನನಗೆ ಚಿತ್ರ ಬರುವುದಿಲ್ಲ' ಎನ್ನುವವರಿಗೂ ಉತ್ತರವಿದೆ. ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ ಗಿರಿಜಾ ಕೈಮಾಲ್ ಮತ್ತು ಸಂಗಡಿಗರು 2016ರಲ್ಲಿ ಒಂದು ಸಣ್ಣ ಅಧ್ಯಯನ ಪ್ರಕಟಿಸಿದರು. 39 ಮಂದಿ 45 ನಿಮಿಷ ಚಿತ್ರ, ಮಣ್ಣು, ಕಾಗದಗಳ ಜೊತೆ ಕಳೆದರು. ಅವರಲ್ಲಿ ಸುಮಾರು ಶೇ. 75 ಮಂದಿಯ ಎಂಜಲಿನಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಇಳಿದಿತ್ತು. ಮೊದಲೇ ಚಿತ್ರಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಗೆ ಬೇರೊಂದು ಗುಂಪು ಇರಲಿಲ್ಲವಾದ್ದರಿಂದ ಇದನ್ನೇ ಕೊನೆಯ ಮಾತೆನ್ನಲಾಗದು. ಆದರೂ ಕೈಚಳಕ ಇಲ್ಲದವರಿಗೆ ಧೈರ್ಯ ತುಂಬುವ ಸಂಗತಿ.

ಸಂಬಳದ ಬದಲಿಗೆ ಬಣ್ಣ ಸಾಲದು

ಇಲ್ಲಿ ಎಚ್ಚರ ಬೇಕು. ಒಬ್ಬಳೇ ನರ್ಸ್‌ಗೆ ಮೂವರ ಕೆಲಸ ಹೊರಿಸಿ, ಶುಕ್ರವಾರ ಸಂಜೆ ಒಂದು ಬಣ್ಣದ ಪೆಟ್ಟಿಗೆ ಕೊಟ್ಟರೆ ಅದು ಚಿಕಿತ್ಸೆಯಲ್ಲ, ಕಣ್ಣೊರೆಸುವ ತಂತ್ರ. ಕೊಲೊರಾಡೊದಲ್ಲಿ ಮನಸ್ಸಿನ ಆತಂಕ ಇಳಿದಷ್ಟು ಕೆಲಸದ ಬಳಲಿಕೆ ಇಳಿಯಲಿಲ್ಲ ಎಂಬುದನ್ನು ನಾನು ಹೀಗೆ ಓದುತ್ತೇನೆ: ನೋವನ್ನು ಕಾಗದಕ್ಕೆ ಇಳಿಸಬಹುದು, ಡ್ಯೂಟಿ ಪಟ್ಟಿಯನ್ನು ಇಳಿಸಲಾಗದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿಯಂತೆ ಜಗತ್ತಿನಲ್ಲಿ ಸುಮಾರು 2.8 ಕೋಟಿ ನರ್ಸ್‌ಗಳಿದ್ದರು, ಅವರಲ್ಲಿ ಶೇ. 90ರಷ್ಟು ಮಹಿಳೆಯರು. ಇನ್ನೂ ಸುಮಾರು 59 ಲಕ್ಷ ನರ್ಸ್‌ಗಳ ಕೊರತೆಯಿತ್ತು. ಆ ಕೊರತೆಯ ಭಾರ ಇರುವವರ ಹೆಗಲ ಮೇಲೆಯೇ ಬೀಳುತ್ತದೆ.

ನಾವಿರುವ ಕೇರಳ ಇದನ್ನು ಚೆನ್ನಾಗಿ ಬಲ್ಲ ರಾಜ್ಯ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಬೀದಿಗಿಳಿದು ಹೋರಾಡಿದ ನಂತರವೇ, 2018ರ ಏಪ್ರಿಲ್‌ನಲ್ಲಿ, ತಿಂಗಳಿಗೆ ಕನಿಷ್ಠ 20,000 ರೂಪಾಯಿ ಮೂಲವೇತನದ ಅಧಿಸೂಚನೆ ಬಂತು. ಮರುತಿಂಗಳೇ ಕೋಯಿಕ್ಕೋಡ್ ಜಿಲ್ಲೆಯಲ್ಲಿ ನಿಪಾ ಕಾಣಿಸಿಕೊಂಡಿತು. ಪೇರಾಂಬ್ರ ತಾಲೂಕು ಆಸ್ಪತ್ರೆಯ ನರ್ಸ್ ಲಿನಿ ಪುದುಶ್ಶೇರಿ ರೋಗಿಯ ಆರೈಕೆ ಮಾಡಿ, ತಾವೇ ಸೋಂಕು ತಗುಲಿ ತೀರಿಕೊಂಡರು. ಇಡೀ ನಾಡು ಅವರಿಗಾಗಿ ಕಣ್ಣೀರಿಟ್ಟಿತು. ಸತ್ತ ನರ್ಸ್‌ಗೆ ಗೌರವ ಸಲ್ಲಿಸುವುದು ನಮಗೆ ಗೊತ್ತಿದೆ. ಜೊತೆಗಾರ್ತಿಯನ್ನು ಕಳೆದುಕೊಂಡೂ ಮರುದಿನ ಅದೇ ವಾರ್ಡಿಗೆ ಡ್ಯೂಟಿಗೆ ಹೋಗುವವರ ಬಗ್ಗೆ ನಮಗೆ ಅಷ್ಟು ಗೊತ್ತಿಲ್ಲ.

ಛತ್ರದವನ ಕೆಲಸ

ಈಗ ಹೊಗಾರ್ತ್ ಬರೆದ ಸಮಾರಿತನ ಸಾಮತಿಗೆ ಬರೋಣ. ನಾವು ಯಾವಾಗಲೂ ಸಮಾರಿತನನ್ನೇ ಹೊಗಳುತ್ತೇವೆ. ಆದರೆ ಸಂತ ಲೂಕರ ಶುಭಸಂದೇಶದಲ್ಲಿ ಆತ ಗಾಯಾಳುವನ್ನು ಛತ್ರಕ್ಕೆ ತಂದು, ಒಂದು ರಾತ್ರಿ ನೋಡಿಕೊಂಡು, ಮರುದಿನ ಹೊರಟುಹೋಗುತ್ತಾನೆ. ಆಮೇಲೆ ದಿನಗಟ್ಟಲೆ ಗಾಯ ತೊಳೆದವನು ಛತ್ರದವನು. ಅವನ ಹೆಸರು ಯಾರಿಗೂ ಗೊತ್ತಿಲ್ಲ, ಅವನ ಬಗ್ಗೆ ಪ್ರಬೋಧನೆಯೂ ಅಪರೂಪ. ಆದರೂ ಸಮಾರಿತ ಅವನ ವಿಷಯದಲ್ಲಿ ಎರಡು ಕೆಲಸ ಮಾಡಿದ: ಕೈಗೆ ಎರಡು ನಾಣ್ಯ ಕೊಟ್ಟ, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದು ತೀರಿಸುತ್ತೇನೆಂದ. ಅಂದರೆ ಆರೈಕೆ ಮಾಡುವವನಿಗೆ ಕೂಲಿಯೂ ಸಿಕ್ಕಿತು, ಮರಳಿ ಬಂದು ವಿಚಾರಿಸುವವನೂ ಇದ್ದ.

ನಮ್ಮ ಯುವಕ ಸಂಘ ಮಾಡಬಹುದಾದದ್ದು ಈ ಎರಡನೆಯ ಕೆಲಸ, ವಿಚಾರಿಸುವುದು. ಬರುವ ನರ್ಸ್ ದಿನಕ್ಕೆ ಭಾಷಣ, ಶಾಲುಗಳ ಬದಲು ಧರ್ಮಕೇಂದ್ರದ ಸಭಾಭವನವನ್ನು ಒಂದು ಮಧ್ಯಾಹ್ನ ಅವರಿಗೇ ಬಿಟ್ಟುಕೊಡೋಣ. ಉದ್ದ ಮೇಜು, ದೊಡ್ಡ ಕಾಗದ, ಬಣ್ಣ, ಮಣ್ಣು, ಬಿಸಿ ಚಹಾ ಇರಲಿ. ಮಕ್ಕಳನ್ನು ಆ ಹೊತ್ತು ನಾವು ನೋಡಿಕೊಳ್ಳೋಣ. ಫೋಟೊ ಬೇಡ, ಪ್ರದರ್ಶನ ಬೇಡ, ಬಹುಮಾನ ಬೇಡ. ಇದು ಕಲಾ ಚಿಕಿತ್ಸೆಯಲ್ಲ, ಅದಕ್ಕೆ ತರಬೇತಿ ಪಡೆದವರೇ ಬೇಕು. ನಿದ್ದೆ ಬಾರದೆ, ಬದುಕೇ ಬೇಡವೆನಿಸಿ ನರಳುವವರಿದ್ದರೆ ಅವರನ್ನು ವೈದ್ಯರ ಬಳಿಗೇ ಕರೆದೊಯ್ಯಬೇಕು. ಆದರೆ ಯಾರ ನಾಡಿಯನ್ನೂ ಹಿಡಿಯದೆ, ಯಾರ ಕರೆಗೂ ಓಡದೆ, ಎರಡು ಗಂಟೆ ಕೂತಿರಲು ಅವರಿಗೊಂದು ಜಾಗ ಸಿಗುತ್ತದೆ.

ಬ್ರೂಜ್ ನಗರದ ಆಗ್ನೆಸ್ ಮತ್ತು ಕ್ಲಾರಾರನ್ನು ಬೇರೊಬ್ಬ ಕಲಾವಿದ ಬಿಡಿಸಿದ. ನಮ್ಮ ಅಕ್ಕತಂಗಿಯರು ತಮ್ಮ ಚಿತ್ರವನ್ನು ತಾವೇ ಬಿಡಿಸಲಿ. ಅದರಲ್ಲಿ ಅವರು ಮಂಡಿಯೂರಿಯೇ ಇರಬೇಕೆಂದಿಲ್ಲ.